ಇಪ್ಪತ್ತೊಂದು ದೂರಿಗೆ ಒಂದು ಜವಾಬು

1792ರ ಜುಲೈ 29ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್‌ನ ಮನೆಯಲ್ಲಿ ಕೂತು ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೆ ಒಂದು ಕಾಗದ ಬರೆದ. ಅದರ ತುಂಬ ದೂರುಗಳೇ, ಅಂಕಿ ಹಾಕಿದ 21 ದೂರುಗಳು. ಸಾಲ ತೀರಿಸಲಾಗದಷ್ಟು ಬೆಳೆದಿದೆ, ಸಾಲಪತ್ರಗಳ ಜೂಜಿಗೆ ಬಂಡವಾಳ ಪೋಲಾಗುತ್ತಿದೆ, ಅದರಲ್ಲಿ ಶಾಸಕರದೂ ಪಾಲಿದೆ, ಇದೆಲ್ಲ ರಾಜಪ್ರಭುತ್ವ ತರುವ ಹುನ್ನಾರ. ಊರಿಗೆ ಬರುವ ದಾರಿಯಲ್ಲೂ ಬಂದ ಮೇಲೂ ಕಿವಿಗೆ ಬಿದ್ದ ಮಾತುಗಳಿವು ಎನ್ನುತ್ತಾನೆ ಅಧ್ಯಕ್ಷ. ನೆರೆಯ ಜಾರ್ಜ್ ಮೇಸನ್ ಹೆಸರನ್ನೂ ತೇಲಿಸುತ್ತಾನೆ. ಅಸಲಿಗೆ ಪಟ್ಟಿ ಬಂದದ್ದು ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಮೇ 23ರಂದು ವಾಷಿಂಗ್ಟನ್‌ಗೇ ಬರೆದ ಪತ್ರದಿಂದ. ಹ್ಯಾಮಿಲ್ಟನ್‌ಗೂ ಜೆಫರ್ಸನ್‌ಗೂ ಎಣ್ಣೆ ಸೀಗೆಕಾಯಿ. ಹೆಸರು ಹೇಳಿದ್ದರೆ ಉತ್ತರ ಬರುತ್ತಿದ್ದದ್ದು ಜೆಫರ್ಸನ್‌ಗೆ, ದೂರಿಗಲ್ಲ. ಈ ಪತ್ರವ್ಯವಹಾರದಲ್ಲಿ ನನಗೆ ಮೊದಲು ಮೆಚ್ಚಿಗೆಯಾಗುವುದು ಹ್ಯಾಮಿಲ್ಟನ್‌ನ ಬುದ್ಧಿಯಲ್ಲ, ಅಧ್ಯಕ್ಷನ ಈ ಜಾಣ ಮರೆಮಾಚು.

ಆಗಸ್ಟ್ 18ರ ಜವಾಬು ಒಂದು ಪುಸ್ತಿಕೆಯಷ್ಟಿದೆ. ಹ್ಯಾಮಿಲ್ಟನ್ ಚುಟುಕಾಗಿ ಬರೆಯುವ ಜಾಯಮಾನದವನಲ್ಲ. ಹಿಂದಿನ ವರ್ಷ ರಾಷ್ಟ್ರೀಯ ಬ್ಯಾಂಕಿನ ಮಸೂದೆ ಬಗ್ಗೆ ಅಭಿಪ್ರಾಯ ಕೇಳಿದಾಗಲೂ ಹೀಗೇ ಆಗಿತ್ತು. ಲೆಕ್ಕದ ಭಾಗ ಗಟ್ಟಿಯಾಗಿದೆ: ಸಾಲ ತಾನು ಹುಟ್ಟಿಸಿದ್ದಲ್ಲ, ಸ್ವಾತಂತ್ರ್ಯ ಯುದ್ಧ ಹುಟ್ಟಿಸಿದ್ದು, ರಾಜ್ಯಗಳ ಸಾಲವನ್ನು ಕೇಂದ್ರ ವಹಿಸಿಕೊಂಡಾಗ ಹೊರೆ ಹೆಗಲು ಬದಲಿಸಿತು ಅಷ್ಟೇ. ಶಾಸಕರ ಮಾತು ಬಂದಾಗ ಮಾತ್ರ ನುಣುಚಿಕೊಳ್ಳುತ್ತಾನೆ. ಹೆಚ್ಚು ಸಾಲಪತ್ರ ಇಟ್ಟುಕೊಂಡವರು ಕೆಲವೇ ಮಂದಿ, ಸ್ವಂತ ದೇಶದ ಪತ್ರ ಕೊಳ್ಳುವುದು ಅಪರಾಧವೇ ಎಂದು ಕೇಳುತ್ತಾನೆ. ಕೊಂಡವನೇ ಅದರ ಬೆಲೆ ಏರಿಸುವ ಕಾನೂನಿಗೆ ಕೈ ಎತ್ತಬಹುದೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ರಾಜಪ್ರಭುತ್ವದ ಆರೋಪಕ್ಕೆ ಬಂದಾಗ ಬರಹಕ್ಕೆ ಜೀವ ಬರುತ್ತದೆ. ಅಪಾಯ ಖಜಾನೆಯಿಂದಲ್ಲ, ನೀತಿಗೆಟ್ಟು, ಆಸ್ತಿ ಕಳೆದುಕೊಂಡು, ಜನಪ್ರಿಯತೆಯ ಕುದುರೆಯೇರಿ ಗದ್ದಲವೆಬ್ಬಿಸುವವನಿಂದ ಎಂದು ಬಾಣವನ್ನು ತಿರುಗಿಸಿಬಿಡುತ್ತಾನೆ. ಸಿಟ್ಟು ತಡೆಯಲಾಗಲಿಲ್ಲ ಎಂದು ಜೊತೆಗಿಟ್ಟ ಪತ್ರದಲ್ಲಿ ಒಪ್ಪಿಕೊಂಡೂ ಇದ್ದಾನೆ. ಆ ಸಿಟ್ಟೇ ಈ ಬರಹದ ಉಪ್ಪು.

ಆಗಸ್ಟ್ 26ರಂದು ವಾಷಿಂಗ್ಟನ್ ಸಹನೆ ಬೇಡುತ್ತಾನೆ. ಸೆಪ್ಟೆಂಬರ್ 9ರ ಉತ್ತರದಲ್ಲಿ ಹ್ಯಾಮಿಲ್ಟನ್ ಮುಂದೆ ರಾಜಿಗೆ ಸಹಕರಿಸುವೆ ಎನ್ನುತ್ತಲೇ, ಎದುರಾಳಿಗಳ ವಿರುದ್ಧ ಪತ್ರಿಕೆಯಲ್ಲಿ ಬರುತ್ತಿರುವ ಬರಹಗಳಲ್ಲಿ ತನ್ನ ಕೈಯೂ ಇದೆ, ಸದ್ಯಕ್ಕೆ ಹಿಂದೆ ಸರಿಯಲಾರೆ ಎಂದು ಬಾಯಿಬಿಡುತ್ತಾನೆ. 21 ದೂರುಗಳಿಗೆ ಕೊಟ್ಟ ಯಾವ ಸಮಜಾಯಿಷಿಗಿಂತಲೂ ಈ ತಪ್ಪೊಪ್ಪಿಗೆ ನನಗೆ ನಂಬುವಂತೆ ಕಾಣುತ್ತದೆ. ವಾಷಿಂಗ್ಟನ್ ಇಂಥದೇ ಪತ್ರವನ್ನು ಜೆಫರ್ಸನ್‌ಗೂ ಬರೆದಿದ್ದ; ಅವನ ಉತ್ತರವೂ ಅದೇ ದಿನಾಂಕದ್ದು. ಅದರಲ್ಲಿ ರಾಜಿ ಇನ್ನೂ ಕಡಿಮೆ.