ಕೆಂಪು ಮೂತಿ, ಕುಂಪಣಿ

ನಮ್ಮ ಹೇಮಗುಡ್ಡದ ಕಡೆ ಶಾಲೆಗಳಲ್ಲಿ ಆಗಸ್ಟ್ 15 ಬಂತೆಂದರೆ ಕಿತ್ತೂರು ಚೆನ್ನಮ್ಮನ ನಾಟಕ ಆಗಲೇಬೇಕು. ನಾನೂ ಹತ್ತು ಹನ್ನೆರಡು ಸಲ ಆಡಿಸಿದ್ದೇನೆ. ನಾನು ತಂದ ಪುಸ್ತಕ ಯಾವುದೇ ಇರಲಿ, ಥ್ಯಾಕರೆ ರಂಗಕ್ಕೆ ಬಂದೊಡನೆ ಯಾರಾದರೊಬ್ಬರು ಅವನನ್ನು ‘ಕೆಂಪು ಮೂತಿ ಮಂಗ’ ಎನ್ನಬೇಕು, ಜನ ಚಪ್ಪಾಳೆ ತಟ್ಟಬೇಕು. ಈ ಮಾತಿನ ಮೇಲೆ ನನಗೊಂದು ತಕರಾರಿದೆ.

ಬಿಳಿಯರಿಗೆ ನಮ್ಮವರು ಇಟ್ಟ ಹೆಸರು ಒಂದೆರಡಲ್ಲ. ಅರಬ್ಬರು, ಪಾರಸಿಗಳು ಯುರೋಪಿನ ಫ್ರಾಂಕರಿಗೆ ಹೇಳುತ್ತಿದ್ದ ‘ಫರಂಗಿ’ ನಮ್ಮಲ್ಲಿ ಮೊದಲು ಪೋರ್ಚುಗೀಸರಿಗೆ ಅಂಟಿತು, ಆಮೇಲೆ ಇಂಗ್ಲಿಷರಿಗೂ ಬಂತು. ಅವರ ತೋಪು ‘ಫಿರಂಗಿ’ಯಾಯಿತು. ಅವರು ತಂದ ಪಪ್ಪಾಯಿ ಮೈಸೂರು ಕಡೆಯವರ ಬಾಯಲ್ಲಿ ‘ಪರಂಗಿ ಹಣ್ಣು’. ಅವರ ಜೊತೆಗೆ ಬಂದ ಒಂದು ಕೆಟ್ಟ ರೋಗಕ್ಕೆ ಹದಿನಾರನೆಯ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥ ‘ಫಿರಂಗ’ವೆಂದೇ ಕರೆಯಿತು. ತೋಪು, ಹಣ್ಣು, ರೋಗ! ಅವರು ಏನೇನು ತಂದರೆಂಬ ಲೆಕ್ಕವೆಲ್ಲ ಒಂದೇ ಹೆಸರಿನಲ್ಲಿದೆ. ಹೊಳೆಯಾಚೆ ದತ್ತಮಂಡಲದಲ್ಲಿ ಇನ್ನೊಂದು ಬಗೆ. 1800ರಿಂದ 1807ರವರೆಗೆ ಅಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಮೇಲಿನ ಅಭಿಮಾನಕ್ಕೆ ಜನ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟರು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ ಹೆಸರು ‘ಕುಂಪಣಿ’. ಕಂಪನಿ ಎನ್ನಲು ನಾಲಿಗೆ ಹೊರಳದೆ ಹುಟ್ಟಿದ್ದಿರಬಹುದು. ಆದರೂ ಆ ಒಂದು ಮಾತು ಬಂದವರು ರಾಜರಲ್ಲ, ಅಂಗಡಿಕಾರರು ಎಂದು ಹೇಳಿಬಿಡುತ್ತದೆ. ತಕ್ಕಡಿ ಹಿಡಿದು ಬಂದವರು ಕಿತ್ತೂರಿನ ದತ್ತಕವನ್ನು ಒಪ್ಪುವುದಿಲ್ಲವೆನ್ನುತ್ತಾರೆ, ಕೋಟೆಯ ಬಾಗಿಲಿಗೆ ತೋಪು ತರುತ್ತಾರೆ. ಚೆನ್ನಮ್ಮನ ಸಿಟ್ಟು ಇದರ ಮೇಲಲ್ಲವೇ? ‘ಕೆಂಪು ಮೂತಿ’ಯಲ್ಲಿ ಇದ್ಯಾವುದೂ ಇಲ್ಲ, ಬರೇ ತೊಗಲಿನ ಬಣ್ಣ.

ನಮ್ಮ ಸೀಮೆ 1948ರವರೆಗೆ ನಿಜಾಮನದು. ಕುಂಪಣಿಯ ದಂಡು ಕೊಪ್ಪಳ ಕೋಟೆಗೆ 1819ರಲ್ಲಿ ವೀರಪ್ಪನ ಮೇಲೆ ಬಂತು, 1858ರಲ್ಲಿ ಮುಂಡರಗಿ ಭೀಮರಾಯನ ಮೇಲೆ ಬಂತು. ನಮ್ಮ ಹಿರಿಯರ ನೆನಪಿನಲ್ಲಿ ಬಿಳಿಯರಿಗಿಂತ ರಜಾಕಾರರೇ ಹೆಚ್ಚು. ಹಾಗಾಗಿ ಇಲ್ಲಿನ ಮಕ್ಕಳಿಗೆ ಇಂಗ್ಲಿಷರು ಎಂದರೆ ನಾಟಕದಲ್ಲಿ ಬಂದವರೇ ಇಂಗ್ಲಿಷರು.

ಕೆಲವು ವರ್ಷಗಳ ಕೆಳಗೆ ಏಳನೆಯ ಈಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಮುಖ, ಕೈಗಳ ಮೇಲೆ ತೊನ್ನು. ಪಾತ್ರ ಹಂಚುವಾಗ ಹಿಂದಿನ ಬೆಂಚಿನವನೊಬ್ಬ, “ಅಕ್ಕೋರ, ಇಕಿನ್ನ ಸಾಹೇಬನ್ನ ಮಾಡ್ರಿ, ಪೌಡರ್ ಖರ್ಚು ಉಳಿತೈತಿ” ಅಂದ. ತರಗತಿಯೆಲ್ಲ ನಕ್ಕಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಅವಳ ದನಿ ಗಟ್ಟಿ ಎಂದು ನೆಪ ಹೇಳಿ ಥ್ಯಾಕರೆಯ ಪಾತ್ರ ಕೊಟ್ಟೆ. ಮೂರು ದಿನದ ತಾಲೀಮಿನಲ್ಲಿ ‘ಕೆಂಪು ಮೂತಿ’ ‘ಬಿಳಿ ಮೂತಿ’ಯಾಯಿತು. ನಳದ ಮುಂದೆ, ಬಸ್ಸಿನಲ್ಲಿ, ಎಲ್ಲೆಲ್ಲೂ ಅದೇ ಹೆಸರು. ಎರಡು ನೂರು ವರ್ಷದ ಹಿಂದಿನ ಕಲೆಕ್ಟರನಿಗೆ ಎಸೆದ ಕಲ್ಲು ನಮ್ಮ ಹುಡುಗಿಗೇ ಬಡಿದಿತ್ತು.

ನಾಲ್ಕನೆಯ ದಿನ ರಟ್ಟಿನ ಟೋಪಿ ತಂದು ನನ್ನ ಮೇಜಿನ ಮೇಲಿಟ್ಟಳು. ಅಳಲಿಲ್ಲ. “ನನಗ ಬಾಳಪ್ಪನ ಪಾರ್ಟು ಕೊಡ್ರಿ, ಅಕ್ಕೋರ” ಅಂದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆಗೆ ಗುಂಡು ಹೊಡೆದನೆಂದು ಹೇಳುವ ಅಮಟೂರು ಬಾಳಪ್ಪ! ಆ ಪಾತ್ರ ಆಗಲೇ ಒಬ್ಬ ಎತ್ತರದ ಹುಡುಗನಿಗೆ ಹೋಗಿತ್ತು. “ಮುಂದಿನ ವರ್ಷ ನೋಡೋಣವ್ವ” ಅಂದೆ. ನಮ್ಮ ಶಾಲೆಯಲ್ಲಿ ಏಳರ ಮೇಲೆ ತರಗತಿ ಇಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾಟಕ ಬರೆಯುವವರು ಸಿಟ್ಟು ಬರಿಸಲು ಸುಲಭದ ದಾರಿ ಹಿಡಿದಿದ್ದಾರೆ. ದತ್ತಕದ ಜಗಳ, ಬೊಕ್ಕಸಕ್ಕೆ ಹಾಕಿದ ಮುದ್ರೆ ಇವನ್ನೆಲ್ಲ ಮಕ್ಕಳ ಬಾಯಲ್ಲಿ ಆಡಿಸುವುದು ಕಷ್ಟ, ಮಂಗ ಎನ್ನುವುದು ಸಲೀಸು. ಈ ಸಲ ಪುಸ್ತಕದಲ್ಲಿ ಆ ಮಾತಿಗೆ ಗೀಟು ಎಳೆದು ಪಕ್ಕದಲ್ಲಿ ‘ಕುಂಪಣಿಯವ’ ಎಂದು ಬರೆದಿದ್ದೇನೆ. ತಾಲೀಮಿನಲ್ಲಿ ಆ ಜಾಗಕ್ಕೆ ಬಂದಾಗ ಒಬ್ಬ ಮಗುವೂ ನಗಲಿಲ್ಲ. “ಕುಂಪಣಿ ಅಂದ್ರ ಏನ್ರಿ?” ಎಂದು ಕೇಳಿದವು. ಅವತ್ತು ತಾಲೀಮು ಅಲ್ಲಿಗೇ ನಿಂತಿತು, ಪಾಠ ಶುರುವಾಯಿತು.