ಆ ಮಕ್ಕಳನ್ನು ಯಾರೂ ಕೇಳಲಿಲ್ಲ

ಅಮೆರಿಕದ ಪಿಬಿಎಸ್ ವಾಹಿನಿ 2010ರ ಫೆಬ್ರವರಿ 2ರಂದು ಪ್ರಸಾರ ಮಾಡಿದ ‘ಡಿಜಿಟಲ್ ನೇಷನ್’ ಸಾಕ್ಷ್ಯಚಿತ್ರವನ್ನು ಸಮತೂಕದ ಕೃತಿಯೆಂದು ಮೆಚ್ಚುವವರಿದ್ದಾರೆ. ಆಟದ ಗೀಳು, ಚದುರುವ ಗಮನ, ಡ್ರೋನ್ ಯುದ್ಧ ಇವುಗಳ ಮಟ್ಟಿಗೆ ಆ ಮಾತು ಒಪ್ಪಬಹುದು. ನ್ಯೂಯಾರ್ಕಿನ ಬ್ರಾಂಕ್ಸ್‌ನ ಶಾಲೆಯೊಂದರ ದೃಶ್ಯದಲ್ಲಿ ಮಾತ್ರ ನಿರ್ದೇಶಕಿ ರೇಚಲ್ ಡ್ರೆಟ್ಜಿನ್ ಅವರ ಚಿತ್ರ ಪ್ರಶ್ನೆ ಕೇಳುವುದನ್ನೇ ಮರೆತಿದೆ.

ಉಪಪ್ರಾಂಶುಪಾಲರೊಬ್ಬರು ದೂರದಿಂದ ನಿಗಾ ಇಡುವ ತಂತ್ರಾಂಶದ ಮೂಲಕ ಕೂತಲ್ಲಿಂದಲೇ ಮಕ್ಕಳ ಲ್ಯಾಪ್‌ಟಾಪ್ ಪರದೆಗಳನ್ನು ನೋಡುತ್ತಿದ್ದಾರೆ. ನೋಡುತ್ತಿರುವುದು ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದು ಅವರೇ ಹೇಳುತ್ತಾರೆ. ಹಲವು ಮಕ್ಕಳು ಲ್ಯಾಪ್‌ಟಾಪ್ ಕ್ಯಾಮೆರಾದಿಂದ ಚಿತ್ರ ತೆಗೆಯುವ ‘ಫೋಟೋ ಬೂತ್’ ತೆರೆದು ಅದನ್ನು ಕನ್ನಡಿ ಮಾಡಿಕೊಂಡಿದ್ದಾರೆ. ಪರದೆಯಲ್ಲಿ ಪಾಠವಿದ್ದಷ್ಟು ಹೊತ್ತು ಉಪಪ್ರಾಂಶುಪಾಲರು ನೋಡಿದ್ದು ಪಾಠವನ್ನು; ಈಗ ನೋಡುತ್ತಿರುವುದು ಮಗುವಿನ ಮುಖವನ್ನು. ನಿಗಾ ತಂತ್ರಾಂಶ ಅದೇ, ಕೆಲಸ ಬೇರೆ. ಆಮೇಲೆ ದೂರದಿಂದಲೇ ಫೋಟೊ ತೆಗೆಯುವ ಉಪಾಯ ವಿವರಿಸುತ್ತಾರೆ: ಹಾಗೆ ಮಾಡಿದರೆ ಮಕ್ಕಳು ತಟ್ಟನೆ ಪಕ್ಕಕ್ಕೆ ಸರಿದು ಕೆಲಸಕ್ಕೆ ಮರಳುತ್ತಾರಂತೆ. ಇಣುಕುವುದು ಇಲ್ಲಿ ಕೈ ಹಾಕುವುದಾಯಿತು. ಚಿತ್ರದ ಕ್ಯಾಮೆರಾ ಅವರ ಪಕ್ಕದಲ್ಲೇ ನಿಂತು ನಮ್ಮನ್ನೂ ಇಣುಕುವವರನ್ನಾಗಿ ಮಾಡುತ್ತದೆ. ಪಕ್ಕಕ್ಕೆ ಸರಿದ ಮಗುವಿಗೆ ಏನನಿಸಿತು? ದೃಶ್ಯ ಅತ್ತ ತಿರುಗುವುದೇ ಇಲ್ಲ.

ಲ್ಯಾಪ್‌ಟಾಪ್ ಬಂದ ಮೇಲೆ ಆ ಶಾಲೆ ಸುಧಾರಿಸಿತ್ತು ಎಂದು ಚಿತ್ರ ಹೇಳುವುದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಸುಧಾರಣೆಗೆ ಗುಟ್ಟು ಬೇಕಿರಲಿಲ್ಲ. ಇಂಥ ತಂತ್ರಾಂಶಗಳಲ್ಲಿ ಅನುಮತಿ ಕೇಳುವ, ಯಾರೋ ನೋಡುತ್ತಿದ್ದಾರೆಂದು ಪರದೆಯಲ್ಲೇ ಗುರುತು ತೋರಿಸುವ ಆಯ್ಕೆಗಳು ಸಾಮಾನ್ಯ. ಅವನ್ನು ಬಳಸುವುದೋ ಬಿಡುವುದೋ ಎಂಬುದು ಮನುಷ್ಯರ ತೀರ್ಮಾನ.

ಚಿತ್ರ ಪ್ರಸಾರವಾದ ಎರಡು ವಾರದಲ್ಲೇ ಇಂಥದೇ ಗುಟ್ಟಿನ ನಿಗಾಕ್ಕಾಗಿ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆಯ ಮೇಲೆ ಮೊಕದ್ದಮೆ ಹೂಡಲಾಯಿತು. ಶಾಲೆ ಕೊಟ್ಟ ಲ್ಯಾಪ್‌ಟಾಪ್‌ಗಳು ಮಕ್ಕಳ ಮನೆಯಲ್ಲೂ ಚಿತ್ರ ತೆಗೆದಿದ್ದವು. ಕಳವು ಪತ್ತೆಗೆಂದು ಇದ್ದ ಸೌಲಭ್ಯ ಹದಿನೈದು ನಿಮಿಷಕ್ಕೊಮ್ಮೆ ವೆಬ್‌ಕ್ಯಾಮ್ ಚಿತ್ರವನ್ನೂ ಪರದೆಯ ಚಿತ್ರವನ್ನೂ ಕಳಿಸುತ್ತಿತ್ತು. ಒಟ್ಟು 50,000ಕ್ಕೂ ಹೆಚ್ಚು ಚಿತ್ರಗಳು. ಅಲ್ಲಿ ಮನೆ, ಇಲ್ಲಿ ತರಗತಿ, ಆದ್ದರಿಂದ ಹೋಲಿಸಬಾರದು ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಯಂತ್ರ ಶಾಲೆಯದು, ಸಮಯ ಶಾಲೆಯದು ಎನ್ನುತ್ತಾರೆ. ಮುಖ ಯಾರದು? ಮೇಷ್ಟರು ತರಗತಿಯಲ್ಲಿ ಓಡಾಡುವುದಕ್ಕೆ ಇದನ್ನು ಹೋಲಿಸುವವರೂ ಇದ್ದಾರೆ. ಓಡಾಡುವ ಮೇಷ್ಟರು ಮಕ್ಕಳಿಗೆ ಕಾಣುತ್ತಾರೆ.

ಲೋವರ್ ಮೆರಿಯನ್‌ನಲ್ಲಿ ಅಪರಾಧದ ಉದ್ದೇಶಕ್ಕೆ ಸಾಕ್ಷ್ಯವಿಲ್ಲವೆಂದು ಫೆಡರಲ್ ಅಭಿಯೋಜಕರು ಪ್ರಕರಣವನ್ನು ಕೈಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಾಲಾ ಜಿಲ್ಲೆ 6,10,000 ಡಾಲರಿಗೆ ರಾಜಿಯಾಯಿತು. ಬ್ರಾಂಕ್ಸ್‌ನ ಆ ಉಪಪ್ರಾಂಶುಪಾಲರಲ್ಲೂ ದುರುದ್ದೇಶ ಕಾಣುವುದಿಲ್ಲ. ಕ್ಯಾಮೆರಾದ ಎದುರು ಅಷ್ಟು ನಿರಾಳವಾಗಿ ತೋರಿಸಿಕೊಟ್ಟವರನ್ನು ಮಕ್ಕಳಿಗೆ ಇದನ್ನು ತಿಳಿಸಿದ್ದೀರಾ ಎಂದು ಅಲ್ಲೇ ಕೇಳುವುದು ಚಿತ್ರ ಮಾಡಿದವರ ಹೊಣೆಯಾಗಿತ್ತು.