'ಆಗ್ಲಿ ಬುದ್ಧಿ' ಒಪ್ಪಿಗೆಯೆ?

ಒಪ್ಪಿಗೆ, ಸಮ್ಮತಿ, ಅನುಮತಿ, ಅಂಗೀಕಾರ, ಮಂಜೂರು. ಇವೆಲ್ಲ ಸಮಾನಾರ್ಥಕ ಪದಗಳು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಪಂಡಿತರ ಈ ಪಟ್ಟಿಯಲ್ಲಿ 'ಆಗ್ಲಿ ಬುದ್ಧಿ' ಇಲ್ಲ. ಜೀತದಾಳಿನ ಬಾಯಲ್ಲಿ ತಲೆಮಾರುಗಳಿಂದ ಸವೆದ ಒಪ್ಪಿಗೆ ಅದು.

ಸಮಾನಾರ್ಥ ಅಂತೆ! ಊರಿಗೂ ಕೇರಿಗೂ ಇರುವ ದೂರ ಈ ಪದಗಳ ನಡುವೆಯೂ ಇದೆ. ಅನುಮತಿ ಮೇಲಿಂದ ಕೆಳಕ್ಕೆ ಬರುವಂಥದ್ದು. ಆಳು ಧಣಿಗೆ ಅನುಮತಿ ಕೊಟ್ಟ ಅಂತ ಬರೆದು ನೋಡಿ, ನಗು ಬರುತ್ತದೆ. ಮಂಜೂರು ಕಚೇರಿಯ ಮಾತು. ಅರಬ್ಬಿ ಮೂಲದಲ್ಲಿ ಅದಕ್ಕೆ 'ಕಣ್ಣಿಗೆ ಬಿದ್ದದ್ದು' ಅಂತ ಅರ್ಥ. ಸಾಹೇಬರ ಕಣ್ಣು ಬಿದ್ದರೆ ಮಂಜೂರು, ಬೀಳದಿದ್ದರೆ ಅರ್ಜಿ ಕಟ್ಟಿನಲ್ಲೇ ಕೊಳೆಯಬೇಕು. ಸಮ್ಮತಿ ಎಂದರೆ ಕೂಡಿ ಯೋಚಿಸಿದ್ದು. ಜೊತೆಗೆ ಕೂರಲು ಬಿಡದವರ ನಡುವೆ ಅದು ಎಲ್ಲಿಂದ ಬರಬೇಕು? ಒಪ್ಪು ಅಚ್ಚಗನ್ನಡ. ಚೆಲುವಾಗಿ ಹೊಂದುವುದಕ್ಕೂ ಅದೇ ಮಾತು. ಅರಸನ ರುಜುವಿಗೆ ಹಿಂದೆ 'ಒಪ್ಪ' ಎನ್ನುತ್ತಿದ್ದರು. ಅರಸ ಒಪ್ಪ ಹಾಕಿದ, ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದರು.

ಆ ಹೆಬ್ಬೆಟ್ಟಿನಲ್ಲೇ ಸರ್ಕಾರ ಕೊಟ್ಟ ಭೂಮಿ ಕಂಡವರ ಪಾಲಾಯಿತು. 'ಅವನೇ ಒಪ್ಪಿ ಬರಕೊಟ್ಟ, ನಾವೇನು ಕಿತ್ಕೊಂಡ್ವಾ?' ಅನ್ನೋದು ಕೊಂಡವರ ವಾದ. 1978ರ ಪಿಟಿಸಿಎಲ್ ಕಾಯಿದೆ ಈ ಒಪ್ಪಿಗೆಯನ್ನು ಒಪ್ಪಲಿಲ್ಲ. ಮಂಜೂರಾತಿಯ ಷರತ್ತು ಮುರಿದ ಹಳೆಯ ಕ್ರಯಗಳೂ ಅಸಿಂಧು ಎಂದಿತು. ಮುಂದೆ ಪರಭಾರೆ ಮಾಡಲು ಸರ್ಕಾರದ ಪೂರ್ವಾನುಮತಿ ಬೇಕೆಂದಿತು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಕೋರ್ಟು ಕಾಯಿದೆಯನ್ನೇ ಎತ್ತಿಹಿಡಿಯಿತು. ಹಸಿದವನ ಹೂಂ ಬೇರೆ, ಒಪ್ಪಿಗೆ ಬೇರೆ ಎಂಬುದು ನಿಘಂಟಿನವರಿಗಿಂತ ಕಾಯಿದೆಯವರಿಗೇ ಚೆನ್ನಾಗಿ ಗೊತ್ತಿತ್ತು. (ಅಲ್ಲೂ ಒಂದು ಮುಳ್ಳಿದೆ. ನಮ್ಮ ನೆಲಕ್ಕೆ ಮತ್ತೆ ಮೇಲಿನವರ ಅನುಮತಿಯೇ!)

ಅಕ್ಷರ ಬಲ್ಲವನ ಸಹಿಗೂ ಈ ಗತಿ ತಪ್ಪಿದ್ದಲ್ಲ. 1932ರ ಸೆಪ್ಟೆಂಬರ್ 24ರಂದು ಅಂಬೇಡ್ಕರ್ ಪೂನಾದಲ್ಲಿ ಸಹಿ ಹಾಕಿದಾಗ ಗಾಂಧೀಜಿ ಯರವಾಡ ಜೈಲಿನಲ್ಲಿ ಆಮರಣ ಉಪವಾಸದಲ್ಲಿದ್ದರು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನ ಇದ್ದದ್ದು 148 ಆಯಿತು. ಲೆಕ್ಕದಲ್ಲಿ ಲಾಭವೇ. ಆದರೆ ಆ ಮುದುಕನ ಉಸಿರು ನಿಂತಿದ್ದರೆ ದೇಶದ ಕೇರಿ ಕೇರಿಗಳ ಗತಿ ಏನಾಗುತ್ತಿತ್ತು? ಆ ಭಯದಲ್ಲಿ ಬಿದ್ದ ಸಹಿಯನ್ನು 'ಪೂನಾ ಒಪ್ಪಂದ' ಅಂತ ನಾವೂ ಯೋಚಿಸದೆ ಬರೆಯುತ್ತೇವೆ.

ಮೇಷ್ಟ್ರೇ, ನಾಳೆ ಆ ಪಟ್ಟಿ ಬರೆಸುವಾಗ ಹಲಗೆಯ ಮೇಲೆ 'ಒಲ್ಲೆ' ಅಂತಲೂ ಬರೆಯಿರಿ. ಆ ಮಾತನ್ನು ನಿಮ್ಮೂರಲ್ಲಿ ಯಾರು ಯಾರೆದುರು ಹೇಳಬಲ್ಲರು ಅಂತ ಮಕ್ಕಳನ್ನೇ ಕೇಳಿ.